ನುಣುಪು

ಎರಡನೆಯ ಪಾಳಿ ಶುರುವಾಗುವುದು ಹನ್ನೊಂದಕ್ಕೆ.
ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಪಂಪು ತಿರುಗಿಸಿ,
ಆರು ಕುರ್ಚಿಗಳ ರಕ್ತ ಒಂದು ಸುತ್ತು ಹೊರಟ ಮೇಲೆ
ನಾನು ಸಿ.ಡಿ. ಹಾಕುತ್ತೇನೆ.
ಟಿ.ವಿ. ಕೆಟ್ಟು ಮೂರು ವಾರ.
ಟೊಲೀಡೊ ಊರಿನ ಈ ಡಯಾಲಿಸಿಸ್ ಕೋಣೆಯಲ್ಲಿ
ನಾಲ್ಕು ಗಂಟೆ ನೂಕಲು ಇರುವುದು ಇದೊಂದೇ:
ಯಾರೋ ಮರೆತುಹೋದ ಜಾಜ್ ಆಲ್ಬಮ್,
ಡೆಲ್ರಾಯ್ ಫೆಂಟ್ರೆಸ್ ಎಂಬವನ ಟ್ರಂಪೆಟ್.
ಕವರಿನ ಮೇಲೆ ಬಿಳಿ ಸೂಟು ತೊಟ್ಟು
ತನ್ನದಲ್ಲದ ಕಾರಿಗೆ ಒರಗಿ ನಿಂತಿದ್ದಾನೆ.

"ತನ್ನದಲ್ಲ ಅಂತ ಹೇಗೆ ಗೊತ್ತು?" ಎಂದಳು ವಾಂಡಾ.
"ಸ್ವಂತ ಕಾರಿನ ಧೂಳು ಎಷ್ಟು ಅಂತ
ಯಾರಿಗಾದರೂ ಗೊತ್ತಿರುತ್ತದೆ," ಎಂದಳು ಓಡೆಸಾ.

ಲೂಷಸ್ ಟ್ರಿಬಲ್, ನಾಲ್ಕನೆಯ ಕುರ್ಚಿ,
ಮೂವತ್ತೊಂದು ವರ್ಷ ಹೈಸ್ಕೂಲಿನ ಬ್ಯಾಂಡ್ ಮಾಸ್ತರ.
ಯಾರೂ ಕೇಳದಿದ್ದರೂ ಹೇಳುತ್ತಾನೆ:
"ಇದು ಟ್ರಂಪೆಟ್ ಅಲ್ಲ, ಬೆಣ್ಣೆ ಸವರುವ ಚಾಕು.
ತುಟಿ ಒಡೆದಿಲ್ಲ, ಎಂಜಲು ಸಿಡಿದಿಲ್ಲ,
ಉಸಿರು ಎಲ್ಲಿ ತಗೊಂಡ, ಹೇಳು? ಒಂದೇ ಒಂದು ಕಡೆ?
ಸ್ಟುಡಿಯೋದಲ್ಲಿ ಅಳಿಸಿಹಾಕಿದ್ದಾರೆ,
ಮದುವೆ ಫೋಟೋದಿಂದ ಮೊಡವೆ ಅಳಿಸಿದ ಹಾಗೆ."

ವಾಂಡಾ ಸ್ಕೊವ್ರೊನ್ ಗಾಜಿನ ಕಾರ್ಖಾನೆಯಲ್ಲಿದ್ದವಳು.
ಲೋಟದ ಅಂಚಿಗೆ ಬೆರಳು ಸವರಿ
ಕಣ್ಣಿಗೆ ಕಾಣದ ಮುಕ್ಕು ಹುಡುಕುವ ಕೆಲಸ.
"ನುಣುಪು ಸುಮ್ಮನೆ ಬರುತ್ತದಾ, ಮಾಸ್ತರೇ?
ಅಂಚು ನುಣ್ಣಗಾಗಲು ಗಾಜು
ಇನ್ನೊಮ್ಮೆ ಬೆಂಕಿಗೆ ಹೋಗಿಬರಬೇಕು."
ತೋರುಬೆರಳು ಎತ್ತಿ ತೋರಿಸುತ್ತಾಳೆ.
ತುದಿಯಲ್ಲಿ ಗೆರೆಗಳೇ ಇಲ್ಲ.

ಓಡೆಸಾಳ ಎರಡನೆಯ ಗಂಡ ಇಂಥದ್ದನ್ನೇ
ಕಾರಿನಲ್ಲಿ ಹಾಕುತ್ತಿದ್ದನಂತೆ,
ಜಗಳವಾಡಿ ಇಬ್ಬರೂ ಮಾತು ಬಿಟ್ಟ ರಾತ್ರಿಗಳಲ್ಲಿ.
"ಚೆನ್ನಾಗಿದೆಯೋ ಇಲ್ಲವೋ ನನಗೇನು ಗೊತ್ತು?
ಕೇಳಿದರೆ ಎಡಕ್ಕೆ ತಿರುಗಬೇಕು ಅನ್ನಿಸುತ್ತದೆ.
ಮನೆ ಆ ಕಡೆ ಇತ್ತು."

ನಜ್ಲಾ ಏನೂ ಹೇಳುವವಳಲ್ಲ.
ಐದನೆಯ ಹಾಡಿಗೆ ಒಮ್ಮೆ ಅವಳ ಬಿ.ಪಿ. ಸರ್ರನೆ ಇಳಿದು
ನಾನು ಓಡಿ, ಕುರ್ಚಿ ಬಾಗಿಸಿ, ಸಲೈನ್ ಬಿಟ್ಟೆ.
"ನೋಡಿದಿಯಾ," ಎಂದ ಲೂಷಸ್,
"ಮೊದಲಿನಿಂದಲೂ ಹೇಳುತ್ತಿದ್ದೇನೆ, ಇದು ಅಪಾಯ."
ಎಚ್ಚೆತ್ತ ನಜ್ಲಾ ಕೇಳಿದ್ದು ಒಂದೇ:
"ಹಾಡು ಯಾಕೆ ನಿಲ್ಲಿಸಿದಿರಿ?"

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.
ಈ ಊರಿಗೆ ಬೆಟ್ಟವೇ ಇಲ್ಲ.
ಮಾಮೀ ನದಿ, ಗೋದಾಮುಗಳ ತಗಡು, ಚಪ್ಪಟೆ ಆಕಾಶ;
ಹತ್ತಿರದ್ದೂ ನುಣ್ಣಗೇ ಕಾಣುತ್ತದೆ,
ಮುಟ್ಟಿದ ಮೇಲೆ ಮಾತು ಬೇರೆ.

ನನ್ನನ್ನು ಕೇಳಿದರೆ?
ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.
ಮೂರನೆಯ ಹಾಡು ಮುಗಿಯುವಾಗ
ಎರಡನೆಯ ಯಂತ್ರ ಬೀಪ್ ಎನ್ನದಿದ್ದರೆ
ಏನೋ ಶ್ರುತಿ ತಪ್ಪಿದಂತೆ ನನಗೆ.

ಫೆಬ್ರುವರಿಯ ಒಂದು ಗುರುವಾರ,
ಹೊರಗೆ ಹಿಮ ತಳ್ಳುವ ಟ್ರಕ್ಕು ಕೆರೆಯುತ್ತ ಹೋದ ಮೇಲೆ,
ಲೂಷಸ್ ಮೆಲ್ಲಗೆ ಕರೆದ.
"ಆ ಮೂರನೆಯದನ್ನು ಇನ್ನೊಮ್ಮೆ ಹಾಕು.
ಎಷ್ಟು ಕೆಟ್ಟದು ಅಂತ ಖಾತ್ರಿಯಾಗಬೇಕು."

ಸೂಜಿಯಿದ್ದ ಎಡಗೈ ದಿಂಬಿನ ಮೇಲೆ ಅಲುಗಲಿಲ್ಲ.
ಕಂಬಳಿಯ ಮೇಲೆ ಬಲಗೈಯ ಮೂರು ಬೆರಳು
ಒತ್ತಿದವು, ಎದ್ದವು, ಮತ್ತೆ ಒತ್ತಿದವು,
ಇಲ್ಲದ ಗುಂಡಿಗಳನ್ನು.
ಕಣ್ಣು ಮುಚ್ಚಿತ್ತು. ಕೆನ್ನೆ ಬಿಗಿದಿತ್ತು.
ಹಾಡಿನ ನಡುವೆ ಎಲ್ಲೋ, ಏನೂ ಬದಲಾಗದ ಕಡೆ,
ತಟ್ಟನೆ ಅವನ ಎದೆ ತುಂಬಿಕೊಂಡಿತು.

"ಇಲ್ಲಿ," ಎಂದ. "ಇಲ್ಲೇ ತಗೊಂಡಿದ್ದಾನೆ, ಕಳ್ಳ."

"ಏನದು?" ಎಂದಳು ವಾಂಡಾ, ಕಣ್ಣು ತೆರೆಯದೆ.

"ಏನಿಲ್ಲ. ಕೆಟ್ಟದಾಗಿದೆ."

ಅವನ ಯಂತ್ರದಲ್ಲಿ ಇನ್ನೂ
ಒಂದು ಗಂಟೆ ಹತ್ತು ನಿಮಿಷ ಬಾಕಿಯಿತ್ತು.
ನಾನು ನಾಲ್ಕನೆಯ ಹಾಡಿಗೆ ಹೋಗಲು ಬಿಡಲಿಲ್ಲ.